ಸೊನ್ನೆ ಸರ್ವಿಸ್ ಚಾರ್ಜು

ಸೊರಬದ ಬೆಳಗಿನ ಬಸ್ಸು ಬಾರದೇ ಇರಬಹುದಿತ್ತು. ಬಂದರೂ, ಶಿರಾಳಕೊಪ್ಪದಲ್ಲಿ ಸಂತೆಗೆ ಬಂದ ಲಗೇಜ್ ಆಟೋಗಳ ನಡುವೆ ಸಿಕ್ಕಿಕೊಂಡು ಅಲ್ಲೇ ನಿಲ್ಲಬಹುದಿತ್ತು. ನಾನು ಶಿಕಾರಿಪುರ ಮುಟ್ಟುವಷ್ಟರಲ್ಲಿ ಏಜೆನ್ಸಿಯವರು ಬಂದು, ನಮ್ಮವರನ್ನು ಒಬ್ಬೊಬ್ಬರನ್ನಾಗಿ ಕಾರಿನೊಳಗೆ ಕೂರಿಸಿಕೊಂಡು, ಸಹಿ ಹಾಕಿಸಿಕೊಂಡು ಹೊರಟೂ ಹೋಗಿರಬಹುದಿತ್ತು. ಹೋಗದೆ ನನ್ನನ್ನೇ ಕಾಯುತ್ತ ಕೂತಿದ್ದರೆ ಅದು ಇನ್ನೂ ಕೆಟ್ಟದ್ದು. ಬಾಯಿ ತೆರೆದೊಡನೆ ನನ್ನ ದನಿ ನಡುಗಬಹುದಿತ್ತು. ಚಿಕ್ಕಂದಿನಿಂದ ಜಗಳದಲ್ಲಿ ನನಗೆ ಮಾತಿಗಿಂತ ಮೊದಲು ಕಣ್ಣೀರು ಬರುತ್ತದೆ. ನಮ್ಮ ಡ್ರೈವರ್ ಭಾಯಿ ಸಿಟ್ಟಿಗೆದ್ದು ಬಂದವನ ಕೊರಳಪಟ್ಟಿ ಹಿಡಿಯಬಹುದಿತ್ತು. ಕಸ ಗುಡಿಸುವ ಅಕ್ಕ ಹೆದರಿ ಎಲ್ಲರಿಗಿಂತ ಮೊದಲೇ ಸಹಿ ಹಾಕಿಬಿಡಬಹುದಿತ್ತು. ಸೂಪರಿಂಟೆಂಡೆಂಟ್ ಸಾಹೇಬರು ಇದೆಲ್ಲ ನಮಗೇಕೆಂದು ಕೋಣೆಯ ಬಾಗಿಲು ಹಾಕಿಕೊಳ್ಳಬಹುದಿತ್ತು. ನಮ್ಮ ಆರು ಹೆಸರುಗಳನ್ನು ಹೊಡೆದುಹಾಕಿ ಬೇರೆ ಆರು ಹೆಸರು ಬರೆದ ಕಾಗದ ಆಗಲೇ ಶಿವಮೊಗ್ಗದಿಂದ ಹೊರಟಿರಬಹುದಿತ್ತು. ಬಿ.ಪಿ. ಮಾತ್ರೆ ಮನೆಯಲ್ಲೇ ಮರೆತು ಬಂದಿರಬಹುದಿತ್ತು. ಮರೆತಿರಲಿಲ್ಲ, ಬಸ್ಸಿನಲ್ಲಿ ವ್ಯಾನಿಟಿ ಬ್ಯಾಗು ತೆಗೆದು ಅದನ್ನು ಮತ್ತೆ ಮತ್ತೆ ನೋಡಿಕೊಂಡೆ.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಎಷ್ಟು ಸಣ್ಣದೆಂದರೆ, ಅಷ್ಟೆಲ್ಲ ಚಿಂತೆ ಮಾಡಿದವಳಿಗೆ ಅದೊಂದನ್ನು ಚಿಂತಿಸಲು ಪುರಸೊತ್ತು ಸಿಕ್ಕಿರಲಿಲ್ಲ. ಸುಳ್ಳೇಕೆ, ಅದನ್ನೂ ಚಿಂತಿಸಿದ್ದೆ. ಬೆಳಿಗ್ಗೆಗೆ ಚಿಂತಿಸಿದ್ದೆ, ಸಂಜೆಗೆ ಚಿಂತಿಸಿರಲಿಲ್ಲ, ಅಷ್ಟೆ.

ನಾನು ಶಿಕಾರಿಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರು. ಮನೆ ಸೊರಬದಲ್ಲಿ. ಬರುವ ರೈತರೆಲ್ಲ ನನ್ನನ್ನು ‘ಕಂಪ್ಯೂಟರ್ ಮೇಡಂ’ ಎನ್ನುತ್ತಾರೆ, ಕೆಲವರು ಕೈಮುಗಿಯುತ್ತಾರೆ. ಅವರಿಗೆ ಗೊತ್ತಿಲ್ಲದ ಸಂಗತಿಯೆಂದರೆ ನಾನು ಆ ಕಚೇರಿಯವಳೇ ಅಲ್ಲ. ನಾನು ಏಜೆನ್ಸಿಯವಳು. ಹೊರಗುತ್ತಿಗೆ. ಕಚೇರಿ ಏಜೆನ್ಸಿಗೆ ದುಡ್ಡು ಕೊಡುತ್ತದೆ, ಏಜೆನ್ಸಿ ತನ್ನದನ್ನು ಮುರಿದುಕೊಂಡು ನನಗೆ ಕೊಡುತ್ತದೆ. ಕೂರುವ ಕುರ್ಚಿ ಒಬ್ಬರದು, ಕೂರಿಸಿದವರು ಇನ್ನೊಬ್ಬರು. ಹದಿನೇಳು ವರ್ಷದಲ್ಲಿ ಏಜೆನ್ಸಿಗಳು ಬದಲಾಗುತ್ತ ಬಂದವು, ಕುರ್ಚಿ ಅದೇ ಇದೆ. ಅದರ ಒಂದು ಕಾಲು ಕುಂಟು. ಅದಕ್ಕೆ ರಟ್ಟು ಮಡಚಿ ಇಟ್ಟವಳೂ ನಾನೇ. ಆ ರಟ್ಟನ್ನು ಸರ್ವಿಸ್ ಎಂದು ಪರಿಗಣಿಸುವುದಾದರೆ ಕಚೇರಿಯಲ್ಲಿ ನನ್ನ ಹೆಸರಿಗೆ ಇರುವ ಸರ್ವಿಸ್ ಅದೊಂದೇ.

ಬಿಟ್ಟು ಹೋಗಬಾರದೇ ಎಂದು ಕೇಳುವವರಿದ್ದಾರೆ. ಎಲ್ಲಿಗೆ? ಸರ್ಕಾರಿ ಪರೀಕ್ಷೆ ಬರೆಯುವ ವಯಸ್ಸು ದಾಟಿ ಬಹಳ ಕಾಲವಾಯಿತು. ಸೊರಬದಲ್ಲೇ ಇನ್ನೊಂದು ಕಚೇರಿಯಲ್ಲಿ ಆಪರೇಟರ್ ಬೇಕೆಂದು ಒಮ್ಮೆ ಗೊತ್ತಾಗಿ, ಓಡಿಹೋಗಿ ವಿಚಾರಿಸಿದೆ. ಬಸ್ಸಿನ ಖರ್ಚು ಉಳಿಯುತ್ತದೆ, ಮಧ್ಯಾಹ್ನ ಮನೆಗೆ ಊಟಕ್ಕೆ ಹೋಗಬಹುದು ಎಂದು ಮನಸ್ಸಿನಲ್ಲೇ ಅಡುಗೆ ಕೂಡ ಮಾಡಿಯಾಗಿತ್ತು. ಅಲ್ಲಿಯ ಗುಮಾಸ್ತರು, “ನಮ್ಮ ಕೈಲಿ ಎಂತ ಉಂಟು ಮೇಡಂ, ಏಜೆನ್ಸಿ ಮೂಲಕ ಬನ್ನಿ” ಎಂದು ಒಂದು ಫೋನ್ ನಂಬರು ಕೊಟ್ಟರು. ಅದು ನನ್ನ ಮೊಬೈಲಿನಲ್ಲಿ ಆಗಲೇ ಇದ್ದ ನಂಬರು. ಒತ್ತಿದರೆ ನಮ್ಮ ಏಜೆನ್ಸಿಯವರೇ, “ಹೇಳಿ ಮೇಡಂ, ಶಿಕಾರಿಪುರದಲ್ಲಿ ಏನಾದ್ರೂ ಪ್ರಾಬ್ಲಮ್ಮಾ?” ಎಂದರು. ಏನಿಲ್ಲ ಸಾರ್, ಸುಮ್ಮನೆ, ಎಂದು ಇಟ್ಟೆ. ಈ ಕಡೆಯ ಬಾಗಿಲಲ್ಲಿ ಹೊರಟು ಆ ಕಡೆಯ ಬಾಗಿಲಲ್ಲಿ ಒಳಗೆ ಬಂದರೂ ಮನೆ ಅದೇ.

ಏಜೆನ್ಸಿಯ ಲೆಕ್ಕ ನನಗೆ ಅರ್ಥವಾಗಲು ಕೆಲವು ವರ್ಷ ಹಿಡಿಯಿತು. ಟೆಂಡರಿನಲ್ಲಿ ಅವರು ನೂರು ರೂಪಾಯಿ ಸಂಬಳಕ್ಕೆ ಇಷ್ಟು ಸರ್ವಿಸ್ ಚಾರ್ಜು ಎಂದು ಬರೆಯಬೇಕು. ಯಾರು ಕಡಿಮೆ ಬರೆಯುತ್ತಾರೋ ಅವರಿಗೆ ಗುತ್ತಿಗೆ. ಮೊದಮೊದಲು ಐದು, ಮೂರು ಎಂದು ಬರೆಯುತ್ತಿದ್ದವರು ಪೈಪೋಟಿಯಲ್ಲಿ ಇಳಿಯುತ್ತ ಇಳಿಯುತ್ತ ಪೈಸೆಗೆ ಬಂದರು; ಪೈಸೆಯಿಂದ ಸೊನ್ನೆಯ ಪಕ್ಕಕ್ಕೆ ಬಂದರು. ಈಗ ಎಲ್ಲರೂ ಸೊನ್ನೆಯ ಪಕ್ಕದಲ್ಲೇ ನಿಂತಿರುವುದರಿಂದ ಚೀಟಿ ಎತ್ತುತ್ತಾರೆ. ಈ ವರ್ಷ ಚೀಟಿ ಒಂದು ಹೊಸ ಕಂಪನಿಗೆ ಬಂತು. ಸುದ್ದಿ ತಂದವರು ಡ್ರೈವರ್ ಭಾಯಿ. ಭಾಯಿಯದು ಶಿರಾಳಕೊಪ್ಪ. ಮನೆಯವರೆಲ್ಲ ಬಾಳೆಹಣ್ಣಿನ ವ್ಯಾಪಾರ, ಇವರೊಬ್ಬರು ಸ್ಟೇರಿಂಗ್ ಹಿಡಿದವರು.

“ಸೊನ್ನೆ ಅಂತೆ ಮೇಡಂ. ಕಂಪನಿಯವ್ರು ನಮ್ಮ ಹತ್ರ ಏನೂ ತಗೊಳ್ಳಲ್ವಂತೆ.”

“ಒಳ್ಳೇದೇ ಆಯ್ತಲ್ಲ ಭಾಯಿ.”

“ಅರೇ, ಒಳ್ಳೇದೇನು? ನಮ್ಮಣ್ಣ ಒಂದು ಡಜನ್ ಬಾಳೆಹಣ್ಣಿಗೆ ಲಾಭ ಬೇಡ ಅಂದ ಅಂತಿಟ್ಕೊಳ್ಳಿ. ನೀವು ತಗೋತೀರಾ, ಮೊದಲು ಎಣಿಸ್ತೀರಾ?”

“ಎಣಿಸ್ತೀನಿ.”

“ಹಾಂ. ಮೊದಲು ಎಣಿಸ್ಕೋಬೇಕು.”

ಎಣಿಸುವುದೇನು ಬಂತು, ಹಿಂದಿನ ಏಜೆನ್ಸಿಯೂ ಹೀಗೇ ಸೊನ್ನೆಯಲ್ಲಿ ಬಂದದ್ದು. ಸಂಬಳ ಬ್ಯಾಂಕಿಗೆ ಪೂರ್ತಿ ಬೀಳುತ್ತಿತ್ತು, ಕಾಗದದಲ್ಲಿ ಒಂದು ಚುಕ್ಕೆ ಆಚೀಚೆ ಇಲ್ಲ. ಬಿದ್ದ ಮರುದಿನ ಅದರಲ್ಲಿ ಇಷ್ಟನ್ನು ಒಂದು ಮೊಬೈಲ್ ನಂಬರಿಗೆ ಹಾಕಬೇಕು. ಹಾಕದಿದ್ದರೆ ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರಿಲ್ಲ. ಆ ‘ಇಷ್ಟು’ ಎಷ್ಟು ಎಂದು ಗೊತ್ತುಮಾಡಿದ್ದು ಕಾರಿನಲ್ಲಿ. ಆಗಿನ ಏಜೆಂಟರು ಕಚೇರಿಯ ಮುಂದಿನ ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿ, ಎ.ಸಿ. ಹಾಕಿಕೊಂಡು, ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆಸಿದರು. ನಾನು ಒಳಗೆ ಕೂತೆ. ತಣ್ಣಗಿತ್ತು. ಅವರು ಬಹಳ ಪ್ರೀತಿಯಿಂದ, “ನಿಮ್ಮ ಮೇಲೆ ಗೌರವ ಇದೆ ಮೇಡಂ, ಅದಕ್ಕೇ ನಿಮಗೆ ಕಡಿಮೆ ಹೇಳ್ತಿದೀನಿ, ಬೇರೆಯವರಿಗೆ ಹೇಳಬೇಡಿ” ಎಂದರು. ಒಂದೂವರೆ ಸಾವಿರ. ನಾನು ಥ್ಯಾಂಕ್ಸ್ ಹೇಳಿ ಇಳಿದೆ. ಹೌದು, ಥ್ಯಾಂಕ್ಸ್ ಹೇಳಿದೆ. ವರ್ಷವಿಡೀ ಯಾರಿಗೂ ಹೇಳದೆ ಆ ಗೌರವವನ್ನು ಕಾಪಾಡಿಕೊಂಡು ಬಂದೆ. ಕೊನೆಗೊಂದು ದಿನ ಊಟದ ಹೊತ್ತಿನಲ್ಲಿ ಬಾಯಿ ಬಿಟ್ಟಾಗ ತಿಳಿಯಿತು: ವಾಚ್‌ಮನ್ ಎಂಟುನೂರು ಕೊಡುತ್ತಿದ್ದ, ಇಬ್ಬರು ಜವಾನರು ತಲಾ ಒಂಬೈನೂರು, ಅಕ್ಕ ಸಾವಿರ, ಭಾಯಿ ಸಾವಿರದ ಇನ್ನೂರು. ಎಲ್ಲರ ಮೇಲೂ ಅವರಿಗೆ ಗೌರವವಿತ್ತು. ನನ್ನ ಮೇಲೆ ಸ್ವಲ್ಪ ಜಾಸ್ತಿ.

ಆ ದಿನವೇ ನಾವು ಆರು ಜನ ಒಂದು ಕಟ್ಟುಪಾಡು ಮಾಡಿಕೊಂಡೆವು. ಇನ್ನು ಯಾರೇ ಬರಲಿ, ಯಾರೂ ಒಬ್ಬರೇ ಹೋಗಬಾರದು. ಕಾರು ಹತ್ತಬಾರದು. ಆರೂ ಜನ ಒಟ್ಟಿಗೆ ಕೂತು, ಒಟ್ಟಿಗೆ ಮಾತಾಡಿ, ಒಟ್ಟಿಗೆ ಸಹಿ ಹಾಕುವುದು. ಮಾತಾಡುವವರು ಯಾರು? ಎಲ್ಲರೂ ನನ್ನ ಕಡೆ ನೋಡಿದರು. “ಮೇಡಂ ಓದಿದೋರು” ಎಂದ ವಾಚ್‌ಮನ್. ಜಾಸ್ತಿ ಕಳೆದುಕೊಂಡವಳಿಗೆ ಜಾಸ್ತಿ ಅನುಭವ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅದು ಅವರ ದೊಡ್ಡತನ.

ಸೊರಬದ ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಗಂಡ ಒಂದು ಪಂಪ್‌ಸೆಟ್ಟಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ಮೋಟಾರು ರಿಪೇರಿ ಅವರ ಕಸುಬು. ಚಿಂತೆ ಎನ್ನುವುದು ಅವರ ಮೈಗೆ ಗ್ರೀಸಿನಷ್ಟೂ ಅಂಟುವುದಿಲ್ಲ.

“ಎಂತ ಆಗ್ತದೆ ಮಾರಾಯ್ತಿ? ಕೇಳೂದು ಕೇಳು. ಕೊಟ್ರೆ ಕೊಟ್ಟ, ಇಲ್ದಿದ್ರೆ ಇಲ್ಲ.”

“ಇಲ್ಲ ಅಂದ್ರೆ ಕೆಲಸ ಹೋಗ್ತದೆ ಕಣ್ರೀ.”

“ಹೋದ್ರೆ ಇಲ್ಲಿ ಬಂದು ಕೂರು. ಬಿಲ್ ಬರಿ.”

“ನೀವು ಯಾವ ಕಾಲದಲ್ಲಿ ಬಿಲ್ ಕೊಟ್ಟಿದೀರಿ?”

“ಅದೇ ಹೇಳಿದ್ದು. ಬರೆಯೋರು ಇರ್ಲಿಲ್ಲ ನೋಡು.”

ನಗು ಬಂತು. ಆದರೆ ಆ ಅಂಗಡಿಯ ಆದಾಯ ಎಷ್ಟೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಮನೆ ಬಾಡಿಗೆ, ಮಗಳ ಹಾಸ್ಟೆಲು, ಎಲ್ಲ ನಿಂತಿರುವುದು ಆ ಕುಂಟು ಕುರ್ಚಿಯ ಮೇಲೆ. ತಿಂಗಳಿಗೆ ಒಂದೂವರೆ ಸಾವಿರ ಎಂದರೆ ನಮ್ಮಲ್ಲಿ ಗ್ಯಾಸು, ಕರೆಂಟು, ಬಸ್ ಪಾಸಿನ ಒಂದು ಭಾಗ. ಅದು ಉಳಿಯಬೇಕು, ಕುರ್ಚಿಯೂ ಉಳಿಯಬೇಕು. ಒಂದನ್ನು ಹಿಡಿದರೆ ಇನ್ನೊಂದು ಕೈ ಜಾರುತ್ತದೆ. ಬಸ್ಸಿನಲ್ಲಿ ಹೋಗುವಾಗ ಬರುವಾಗ ಒಂದು ವಾರ ಭಾಷಣ ಉರು ಹೊಡೆದೆ. ಪಕ್ಕದ ಸೀಟಿನ ಹೆಂಗಸು ನಾನು ಸ್ತೋತ್ರ ಹೇಳುತ್ತಿದ್ದೇನೆಂದು ತಿಳಿದು ಕಾಲು ಮಡಚಿ ಕೂತರು.

ಹೊಸ ಏಜೆನ್ಸಿಯವರು ಬರುತ್ತೇವೆಂದು ಹೇಳಿದ ದಿನ ನಮ್ಮ ಬ್ರೇಕ್ ದಿನ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಗುತ್ತಿಗೆ ಮಾರ್ಚ್ ಕೊನೆಗೆ ಮುಗಿಯುತ್ತದೆ. ಹೊಸದು ಏಪ್ರಿಲ್ ಎರಡಕ್ಕೆ ಶುರುವಾಗುತ್ತದೆ. ನಡುವಿನ ಒಂದು ದಿನ ನಾವು ಯಾರ ನೌಕರರೂ ಅಲ್ಲ. ಆ ಒಂದು ದಿನದ ತೂತು ಇಲ್ಲದಿದ್ದರೆ, ಇಷ್ಟು ವರ್ಷ ಎಡೆಬಿಡದೆ ದುಡಿದಿದ್ದೇವೆ, ನಮ್ಮನ್ನು ಕಾಯಂ ಮಾಡಿ ಎಂದು ನಾವು ಎಲ್ಲಿ ಕೇಳಿಬಿಡುತ್ತೇವೋ ಎಂಬ ಭಯ ಮೇಲಿನವರಿಗೆ. ಹಾಗೆಂದು ಆ ದಿನ ನಾವು ಮನೆಯಲ್ಲಿರುತ್ತೇವೆಯೇ? ವರ್ಷಾಂತ್ಯದ ಕೆಲಸ ಬೆಟ್ಟದಷ್ಟಿರುತ್ತದೆ. ಹೋಗುತ್ತೇವೆ, ಕೆಲಸ ಮಾಡುತ್ತೇವೆ. ಬಾಗಿಲಲ್ಲಿರುವ ಹಾಜರಿ ಮಷೀನಿಗೆ ಹೆಬ್ಬೆಟ್ಟು ಮಾತ್ರ ಇಡುವುದಿಲ್ಲ. ಕಾಯಂ ನೌಕರರು ಬೆಳಿಗ್ಗೆ ನಮ್ಮನ್ನು ಕಂಡು, “ಏನ್ರೀ ದೆವ್ವಗಳಾ, ಹಗಲೇ ಬಂದ್ರಾ?” ಎನ್ನುವುದು ವಾಡಿಕೆ. ನಾವು ನಗುವುದೂ ವಾಡಿಕೆ.

ಆ ದಿನ ಅಪ್ಪಿತಪ್ಪಿ ಹೆಬ್ಬೆಟ್ಟು ಇಟ್ಟರೆ ಅದು ನೇರ ಬೆಂಗಳೂರಿಗೆ ಹೋಗಿ ದಾಖಲಾಗುತ್ತದೆ. ತಾಲ್ಲೂಕಿನಲ್ಲಿ ಯಾರೂ ಅಳಿಸುವಂತಿಲ್ಲ. ಹಾಗಾಗಿ ನಾನು ಬೇಗ ಹೋಗಿ ಮಷೀನಿನ ಪಕ್ಕದಲ್ಲೇ ನಿಂತೆ. ಬಂದ ಬಂದವರಿಗೆಲ್ಲ ಅಡ್ಡ ಕೈ ಚಾಚಿದೆ. ವಾಚ್‌ಮನ್ ಬೆರಳೆತ್ತಿಯೂ ಬಿಟ್ಟಿದ್ದ, ಕೈ ಹಿಡಿದು ಎಳೆದೆ. ಕಸ ಗುಡಿಸುವ ಅಕ್ಕ ಈಸೂರಿನವರು, ಯಾರಿಗೂ ಸೊಪ್ಪು ಹಾಕುವವರಲ್ಲ.

“ಅಕ್ಕಾ, ಇವತ್ತು ಥಂಬ್ ಇಡಬೇಡಿ.”

“ನಂಗೊತ್ತೈತಿ ಬಿಡ್ರಿ ಮೇಡಂ. ನಿಮ್ದು ನೀವು ನೋಡ್ಕಳ್ರಿ.”

ನನ್ನದನ್ನು ನಾನು ನೋಡಿಕೊಂಡಿದ್ದೆ. ಮನೆಯಿಂದ ಹೊರಡುವಾಗಲೇ ಬಲಗೈ ಹೆಬ್ಬೆರಳಿಗೆ ಗಾಯದ ಪಟ್ಟಿ ಸುತ್ತಿಕೊಂಡಿದ್ದೆ. ಗಾಯವಿರಲಿಲ್ಲ. ನನ್ನ ಮೇಲೆ ನನಗೇ ನಂಬಿಕೆಯಿಲ್ಲದ್ದಕ್ಕೆ ಹಾಕಿದ ಪಟ್ಟಿ ಅದು. ಬಸ್ಸಿನ ಕಂಡಕ್ಟರು ಕೂಡ, “ಕೈಗೆ ಎಂತಾಯ್ತು ಮೇಡಂ?” ಎಂದು ಕೇಳಿದರು. ತರಕಾರಿ ಹೆಚ್ಚುವಾಗ, ಎಂದೆ.

ಹನ್ನೊಂದರ ಹೊತ್ತಿಗೆ ಏಜೆನ್ಸಿಯವನು ಬಂದ. ನಾನು ಒಂದು ವಾರದಿಂದ ಮನಸ್ಸಿನಲ್ಲಿ ಜಗಳಾಡುತ್ತಿದ್ದುದು ದಪ್ಪ ಮೀಸೆಯ, ಚಿನ್ನದ ಸರದ ಒಬ್ಬ ಮನುಷ್ಯನ ಜೊತೆ. ಬಂದವನು ತೆಳ್ಳಗೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡ, ಮೂವತ್ತರ ಆಚೀಚಿನವನು. ಕಾರು ಬಾಡಿಗೆಯದು. ಹಿಂದಿನವರು ನಿಲ್ಲಿಸುತ್ತಿದ್ದ ಅದೇ ಬೇವಿನ ಮರದ ಕೆಳಗೆ ನಿಲ್ಲಿಸಿದ. ಬಾಗಿಲು ತೆರೆದಿಟ್ಟು ನಮ್ಮ ಕಡೆ ನೋಡಿ ನಕ್ಕ.

“ಒಬ್ಬೊಬ್ಬರೇ ಬನ್ನಿ. ಆರಾಮಾಗಿ ಕೂತು ಮಾತಾಡೋಣ.”

ಅಕ್ಕ ಕೇಳಿದರು: “ಯಾಕ್ರೀ, ನೀವೇನ್ ಡಾಕ್ಟ್ರಾ? ಒಬ್ಬೊಬ್ರೇ ಬರಾಕೆ?”

ವರಾಂಡದಲ್ಲಿದ್ದ ರೈತರೂ ನಕ್ಕರು. ಅವನು ಸ್ವಲ್ಪ ಕೆಂಪಾದ. ಕಾಗದದ ಕಟ್ಟು ಎತ್ತಿಕೊಂಡು ಒಳಗೆ ಬಂದ. ಕಚೇರಿಯ ಹಿಂದೆ ಹಳೇ ಬೀರುಗಳಿರುವ ಒಂದು ಕೋಣೆ ಇದೆ. ಅಲ್ಲಿ ಎಲ್ಲರೂ ಕೂತೆವು. ಸೂಪರಿಂಟೆಂಡೆಂಟ್ ಸಾಹೇಬರು ಬಾಗಿಲು ಹಾಕಿಕೊಳ್ಳಲಿಲ್ಲ, ಬಾಗಿಲಲ್ಲೇ ನಿಂತರು. ಒಳಗೂ ಅಲ್ಲ, ಹೊರಗೂ ಅಲ್ಲ. ನಿವೃತ್ತಿಗೆ ಹತ್ತಿರವಾದ ಮನುಷ್ಯ ಹಾಗೆಯೇ ನಿಲ್ಲಬೇಕು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ. ವಾರವಿಡೀ ಉರು ಹೊಡೆದ ಭಾಷಣದ ಮೊದಲ ವಾಕ್ಯ, ‘ನಾವು ಯಾರ ಭಿಕ್ಷೆಯನ್ನೂ ಕೇಳುತ್ತಿಲ್ಲ’ ಎಂದು. ಬಾಯಿ ತೆರೆದೆ.

“ಸಾರ್, ಟೀ ಕುಡೀತೀರಾ?”

ಭಾಯಿ ಹಣೆ ಚಚ್ಚಿಕೊಂಡರು. ಅವನು ಕುಡಿಯುತ್ತೇನೆಂದ. ಟೀ ಬರುವವರೆಗೆ ಅವನೇ ಮಾತಾಡಿದ.

“ನೋಡಿ, ನಮ್ಮ ಕಂಪನಿಯವರು ಸರ್ವಿಸ್ ಚಾರ್ಜ್ ಸೊನ್ನೆ ಹಾಕಿದ್ದಾರೆ. ನಿಮ್ಮ ಸಂಬಳದಲ್ಲಿ ಒಂದು ಪೈಸೆ ಮುಟ್ಟಲ್ಲ. ಆದ್ರೆ ಟ್ರೇನಿಂಗ್ ಚಾರ್ಜ್ ಅಂತ ಒಂದಿರುತ್ತೆ. ತಿಂಗಳಿಗೆ ಒಂದೂವರೆ ಸಾವಿರ. ಎಲ್ಲರಿಗೂ ಒಂದೇ. ಹಿಂದಿನೋರ ಥರ ಒಬ್ರಿಗೊಂದು ಒಬ್ರಿಗೊಂದು ಮಾಡಲ್ಲ ನಾವು.”

“ಟ್ರೇನಿಂಗ್ ಯಾರು ಕೊಡ್ತಾರ್ರೀ?” ಎಂದರು ಅಕ್ಕ.

“ನಮ್ಮ ಕಂಪನಿ ಕಡೆಯಿಂದ.”

“ನಂಗೂ ಐತೇನು?”

“ಎಲ್ರಿಗೂ ಇದೆ ಅಮ್ಮಾ.”

ಅಕ್ಕ ಮೂಲೆಯಲ್ಲಿದ್ದ ಪೊರಕೆ ತಂದು ಅವನ ಮುಂದೆ ಇಟ್ಟರು. “ಹಂಗಾರೆ ಈಗ್ಲೇ ಶುರು ಮಾಡ್ರಿ. ಈ ಕೋಣೆ ಗುಡಿಸಿ ತೋರಿಸ್ರಿ. ಇಪ್ಪತ್ತು ವರ್ಷದಿಂದ ನಾನು ತಪ್ಪು ಗುಡಿಸಿರಬೇಕು.”

ಸಾಹೇಬರು ಬಾಗಿಲಲ್ಲೇ ಆ ಕಡೆ ಮುಖ ತಿರುಗಿಸಿ ಕೆಮ್ಮಿದರು. ನಾನೂ ನಕ್ಕೆ. ಭಾಷಣ ಮರೆತುಹೋಗಿತ್ತು, ಅದೇ ಒಳ್ಳೆಯದಾಯಿತೇನೋ.

“ಸಾರ್,” ಎಂದೆ, “ನಾವು ಕೊಡಲ್ಲ ಅಂತಿಲ್ಲ. ಟ್ರೇನಿಂಗ್ ಚಾರ್ಜ್ ಇಷ್ಟು ಅಂತ ಅಗ್ರಿಮೆಂಟಲ್ಲೇ ಬರೀರಿ. ಇಲ್ಲಿ ಎರಡನೇ ಪೇಜಲ್ಲಿ ಜಾಗ ಇದೆ. ಬೇಕಾದ್ರೆ ನಾನೇ ಟೈಪ್ ಮಾಡಿಕೊಡ್ತೀನಿ. ಈಗಲೇ ಆರೂ ಜನ ಸೈನ್ ಹಾಕ್ತೀವಿ.”

ಅವನು ಕಪ್ಪು ಕೆಳಗಿಟ್ಟ. “ಅದನ್ನ ಬರೆಯೋಕಾಗಲ್ಲ ಮೇಡಂ.”

“ಯಾಕೆ ಸಾರ್?”

“ಮೇಡಂ, ನಿಮಗೆ ಗೊತ್ತಿಲ್ವಾ?”

“ಗೊತ್ತು ಸಾರ್. ನಿಮ್ಮ ಬಾಯಲ್ಲಿ ಕೇಳೋಣ ಅಂತ.”

ಇದನ್ನು ಹೇಳಿದವಳು ನಾನೇ ಎಂದು ನನಗೆ ಇವತ್ತಿಗೂ ಪೂರ್ತಿ ನಂಬಿಕೆಯಿಲ್ಲ. ಅವನು ಸಾಹೇಬರ ಕಡೆ ನೋಡಿದ. ಸಾಹೇಬರು ಗೋಡೆ ಗಡಿಯಾರ ನೋಡುತ್ತ, ಯಾರಿಗೂ ಅಲ್ಲ ಎಂಬಂತೆ, “ಇವತ್ತು ಸಂಜೆಯೊಳಗೆ ಆರು ಹೆಸರು ಕಳಿಸಬೇಕಪ್ಪಾ. ಇಲ್ಲಾಂದ್ರೆ ನಿಮ್ಮ ಕಂಪನಿಗೇ ನೋಟಿಸ್ ಬರ್ತದೆ” ಎಂದರು. ಹೊಸ್ತಿಲ ಮೇಲೆ ನಿಂತೂ ಮನುಷ್ಯ ಒಂದು ಮಾತು ಆಡಬಹುದು ಎಂದು ಆಗ ತಿಳಿಯಿತು.

ಅವನು ಅಗ್ರಿಮೆಂಟಿನ ಎರಡನೇ ಪೇಜನ್ನು ತಿರುಗಿಸಿ ಮುರುಗಿಸಿ ನೋಡತೊಡಗಿದ. ನನಗೆ ಅಷ್ಟರಲ್ಲಿ ಇದ್ದಬದ್ದ ಯೋಚನೆಯೆಲ್ಲ ಬಂತು. ಇವನು ಎದ್ದು ಹೋದರೆ? ನಾಳೆ ಬೇರೆ ಆರು ಜನ ಬಂದು ನನ್ನ ಕುರ್ಚಿಯಲ್ಲಿ ಕೂತರೆ? ರಟ್ಟು ಯಾಕಿದೆ ಎಂದು ತಿಳಿಯದೆ ಅದನ್ನು ತೆಗೆದು ಬಿಸಾಕಿದರೆ? ಈಗಲೇ ಎದ್ದು, ಆಯ್ತು ಸಾರ್ ಎಂದುಬಿಡೋಣವೇ ಎನಿಸಿತು. ಎದ್ದೇಬಿಡುತ್ತಿದ್ದೆನೇನೋ. ಆದರೆ ಗೋಡೆಗೂ ಅಕ್ಕನಿಗೂ ನಡುವೆ ಕೂತಿದ್ದೆ, ಏಳಲು ಜಾಗವಿರಲಿಲ್ಲ.

ಅವನು ಫೋನು ತೆಗೆದ. ಹೊರಗೆ ಹೋಗಿ ಮಾತಾಡುತ್ತಾನೆಂದುಕೊಂಡೆ. ಭಾಯಿ ಬಾಗಿಲ ಕಡೆ ಕುರ್ಚಿ ಸರಿಸಿ, “ಸ್ಪೀಕರ್ ಹಾಕಿ ಇಲ್ಲೇ ಮಾತಾಡಿ ಸಾರ್, ನಮ್ಮ ವಿಷಯಾನೇ ಅಲ್ವಾ” ಎಂದು ನಕ್ಕರು. ಕೊರಳಪಟ್ಟಿಗೆ ಕೈಹಾಕದೆ ಕೆಲಸ ಮುಗಿಸುವುದು ವ್ಯಾಪಾರಸ್ಥರ ಮನೆಯವರಿಗೆ ಗೊತ್ತು. ಅವನು ಸ್ಪೀಕರ್ ಹಾಕಿದ. ಆ ಕಡೆಯ ದನಿ ಮೊದಲು ಬೈಯಿತು. ಬೈಗುಳ ಅವನಿಗೆ, ನಮಗಲ್ಲ; ‘ನಿನ್ನನ್ನ ಯಾಕೆ ಕಳಿಸಿದ್ದು’ ಎಂದು. ಅವನು ತಲೆ ತಗ್ಗಿಸಿ ಹ್ಞೂಂ ಸಾರ್, ಹ್ಞೂಂ ಸಾರ್ ಎನ್ನುತ್ತಿದ್ದ. ನೋಟಿಸಿನ ವಿಷಯ ಬಂದ ಮೇಲೆ ದನಿ ತಗ್ಗಿತು.

“ಆಯ್ತು, ಆ ಶಿಕಾರಿಪುರದವರಿಗೆ ಬಿಟ್ಟುಬಿಡು. ಐ.ಡಿ. ಕಾರ್ಡಿನ ದುಡ್ಡು ಒಂದು ಸಲ ತಗೋ, ಸಾಕು. ಆದ್ರೆ ಕೇಳು, ಇವತ್ತು ಸೈನ್ ಹಾಕಿದೋರಿಗಷ್ಟೇ. ನಾಳೆ ಯಾರಾದ್ರೂ ಬಂದ್ರೆ ಹಳೇ ರೇಟೇ.”

ಆರು ಜನರೂ ಒಂದೇ ಪೆನ್ನಿನಲ್ಲಿ ಸಹಿ ಹಾಕಿದೆವು. ಅಕ್ಕ ಕೊನೆಯಲ್ಲಿ ಹಾಕಿದರು, ಎಲ್ಲರದನ್ನೂ ನೋಡಿದ ಮೇಲೆ. ಅವನು ಕಾಗದಗಳನ್ನು ಜೋಡಿಸುತ್ತ, “ನನ್ನ ಈ ತಿಂಗಳಿನ ಕಮಿಷನ್ ಹೋಯ್ತು” ಎಂದ. ಸಿಟ್ಟಿನಿಂದಲ್ಲ; ಮಳೆ ಬರಬಹುದು ಎನ್ನುವಂತೆ ಹೇಳಿದ.

“ನೀವು ಕಂಪನಿಯವರಲ್ವಾ?” ಎಂದೆ.

“ಎಲ್ಲಿ ಮೇಡಂ. ನನ್ನದೂ ಕಾಂಟ್ರಾಕ್ಟೇ.”

ಅದನ್ನು ಕೇಳಿ ಅಕ್ಕನ ಮನಸ್ಸು ಕರಗಿತು. ಪೊರಕೆಯನ್ನು ಅವನ ಮುಂದಿನಿಂದ ತೆಗೆದು ಮೂಲೆಗಿಟ್ಟರು. ಭಾಯಿ ಹೋಗಿ ಮಿರ್ಚಿ ಮಂಡಕ್ಕಿ ತಂದರು. ಪೇಪರಿನ ಮೇಲೆ ಸುರಿದು ಏಳು ಜನ ಸುತ್ತ ಕೂತು ತಿಂದೆವು, ಏಜೆನ್ಸಿಯವನೂ ಸೇರಿ. ಸಾಹೇಬರಿಗೆ ಒಂದು ಪ್ಲೇಟು ಹೊಸ್ತಿಲಿಗೆ ಹೋಯಿತು. ವಾಚ್‌ಮನ್ ನನ್ನನ್ನು ಅಣಕಿಸಿ, “ಸಾರ್, ಟೀ ಕುಡೀತೀರಾ?” ಎಂದಾಗಲೆಲ್ಲ ಎಲ್ಲರೂ ನಕ್ಕರು. ನಾನೂ ನಕ್ಕೆ. ಎಷ್ಟೋ ವರ್ಷದ ಮೇಲೆ ಎದೆಯ ಮೇಲಿಂದ ಏನೋ ಇಳಿದ ಹಾಗಿತ್ತು. ಅದರ ಜಾಗದಲ್ಲಿ ಏನು ಇಟ್ಟುಕೊಳ್ಳಬೇಕೆಂದು ತಿಳಿಯದೆ ಇನ್ನೊಂದು ಮಿರ್ಚಿ ತಿಂದೆ. ಎಣ್ಣೆಗೆ ಹೆಬ್ಬೆರಳಿನ ಪಟ್ಟಿ ನೆನೆದು ಸಡಿಲವಾಗಿ ಮಂಡಕ್ಕಿಯಲ್ಲಿ ಬಿತ್ತು. “ಅಯ್ಯ, ಗಾಯ ಎಲ್ಲೈತ್ರಿ?” ಎಂದರು ಅಕ್ಕ. ವಾಸಿಯಾಯ್ತು, ಎಂದೆ.

ಮಧ್ಯಾಹ್ನವೆಲ್ಲ ಉಳಿದ ಎಂಟ್ರಿಗಳನ್ನು ಮುಗಿಸಿದೆ. ಲೆಕ್ಕದಲ್ಲಿ ಇಲ್ಲದವಳಾಗಿ ಇಷ್ಟು ಹಗುರವಾಗಿ ಎಂದೂ ಕೆಲಸ ಮಾಡಿರಲಿಲ್ಲ. ಗಂಡನಿಗೆ ಫೋನು ಮಾಡಿ ಹೇಳಿದೆ.

“ನಾ ಹೇಳಿದ್ನಲ್ಲ, ಎಂತ ಆಗ್ತದೆ ಅಂತ” ಎಂದರು.

“ಹೌದು ಕಣ್ರೀ. ಎಂತದೂ ಆಗ್ಲಿಲ್ಲ.”

ಸಂಜೆ ಐದೂವರೆಯ ಬಸ್ಸು ಹಿಡಿಯಬೇಕಿತ್ತು. ಕೈಗೆ ಮಿರ್ಚಿಯ ಎಣ್ಣೆ ಇನ್ನೂ ಅಂಟಿದ ಹಾಗೆನಿಸಿ, ನಲ್ಲಿಯಲ್ಲಿ ಸೋಪು ಹಾಕಿ ತಿಕ್ಕಿ ತೊಳೆದು, ಸೆರಗಿನಿಂದ ಚೆನ್ನಾಗಿ ಒರೆಸಿಕೊಂಡೆ. ಊಟದ ಡಬ್ಬಿ, ಕೊಡೆ, ಬ್ಯಾಗು ಎಲ್ಲ ಎಡಗೈಯಲ್ಲಿ. ವರಾಂಡದಲ್ಲಿ ಸಾಹೇಬರು, ಕಂಪನಿಯ ಸೀಲು ಹಾಕಿಸಿಕೊಂಡು ಮರಳಿ ಬಂದಿದ್ದ ಏಜೆನ್ಸಿಯವನಿಂದ ಅಗ್ರಿಮೆಂಟಿನ ಕಟ್ಟು ಎಣಿಸಿಕೊಳ್ಳುತ್ತಿದ್ದರು. ಭಾಯಿ, ಅಕ್ಕ ಅಲ್ಲೇ ನಿಂತಿದ್ದರು. “ಬರ್ತೀನಿ ಸಾರ್” ಎಂದೆ, “ನಾಳೆ ಸಿಗೋಣ ಅಕ್ಕಾ” ಎಂದೆ, ಬಾಗಿಲ ಹತ್ತಿರ ಬಂದು, ಮಷೀನು ಬಂದಾಗಿನಿಂದ ದಿನಾ ಸಂಜೆ ಮಾಡುವ ಹಾಗೆ, ಬಲಗೈ ಚಾಚಿದೆ.

ಆ ಮಷೀನು ನನ್ನ ಹೆಬ್ಬೆಟ್ಟನ್ನು ಒಂದೇ ಸಲಕ್ಕೆ ಒಪ್ಪಿದ್ದೇ ಇಲ್ಲ. ಒತ್ತಿ, ಒರೆಸಿ, ಊದಿ, ಮತ್ತೆ ಒತ್ತಿ, ಎಷ್ಟೋ ಸಲ ಅದಕ್ಕಾಗಿಯೇ ಬಸ್ಸು ತಪ್ಪಿಸಿಕೊಂಡಿದ್ದೇನೆ. ಅಂದು ಮುಟ್ಟುತ್ತಲೇ ಹಸಿರು ದೀಪ ಹತ್ತಿತು. ಒಳಗಿನ ಹೆಣ್ಣುದನಿ ಎಲ್ಲರಿಗೂ ಕೇಳುವಂತೆ “ಥ್ಯಾಂಕ್ ಯೂ” ಎಂದಿತು.

ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

“ಏನ್ ಮಾಡಿದ್ರಿ ಮೇಡಂ!” ಸಾಹೇಬರು ಕಟ್ಟು ಹಿಡಿದುಕೊಂಡೇ ಓಡಿಬಂದರು. “ಇವತ್ತಿನ ಹಾಜರಿ ಬಿತ್ತಲ್ರೀ. ಆಡಿಟ್‌ನಲ್ಲಿ ನನ್ನನ್ನ ಕೇಳ್ತಾರೆ. ನಿವೃತ್ತಿ ಹತ್ರ ಇದೆ ನಂದು.” ಹಣೆ ಒರೆಸಿಕೊಂಡು ಒಂದು ಕ್ಷಣ ನಿಂತರು. ಆಮೇಲೆ, ಕೆಟ್ಟ ಮನುಷ್ಯನಲ್ಲದವರು ಕೆಟ್ಟ ಕೆಲಸ ಮಾಡುವಾಗ ಮಾಡುವ ಹಾಗೆ ನನ್ನ ಮುಖ ನೋಡದೆ, ಕಟ್ಟಿನಿಂದ ನನ್ನ ಅಗ್ರಿಮೆಂಟನ್ನು ಎಳೆದು ಬೇರೆ ಇಟ್ಟರು. “ಇದು ನಡೆಯಲ್ಲ. ನಿಮಗೆ ನಾಳೆ ಬ್ರೇಕ್ ತೋರಿಸ್ಬೇಕು. ನಾಳಿದ್ದಿನ ತಾರೀಖು ಹಾಕಿ ಬೇರೆ ಅಗ್ರಿಮೆಂಟ್ ಆಗ್ಬೇಕು. ಐದು ಹೆಸರು ಈಗ ಕಳಿಸ್ತೀನಿ. ನಿಮ್ಮದೊಂದು ಆಮೇಲೆ.”

“ಸಾರ್, ಸೈನ್ ಇವತ್ತೇ ಹಾಕಿದೀನಲ್ಲ,” ಎಂದೆ. ಹೇಳಿದವಳಿಗೇ ಅದು ಎಲ್ಲಿಗೂ ಮುಟ್ಟುವುದಿಲ್ಲ ಎಂದು ಗೊತ್ತಿತ್ತು.

ಭಾಯಿ ಏಜೆನ್ಸಿಯವನ ಕಡೆ ತಿರುಗಿ, “ಸಾರ್, ರೇಟು ಅದೇ ಅಲ್ವಾ? ಮಂಡಕ್ಕಿ ತಿಂದಿದೀರಿ” ಎಂದರು, ನಗುತ್ತಲೇ, ಆದರೆ ಆ ನಗು ಅರ್ಧಕ್ಕೆ ನಿಂತಿತು.

ಅವನು ನನ್ನ ಅಗ್ರಿಮೆಂಟನ್ನು ಸಾಹೇಬರ ಕೈಯಿಂದ ತೆಗೆದುಕೊಂಡ. ಎರಡಾಗಿ ಮಡಚಿ ಜೇಬಿಗಿಟ್ಟುಕೊಂಡ. ಬೆಳಗಿನಿಂದ ಹೋಗಿದ್ದ ಬಣ್ಣ ಅವನ ಮುಖಕ್ಕೆ ಸ್ವಲ್ಪ ಸ್ವಲ್ಪವೇ ಬಂದಿತ್ತು.

“ಪರವಾಗಿಲ್ಲ ಬಿಡಿ ಮೇಡಂ,” ಎಂದ, ತುಂಬಾ ಗೌರವದಿಂದ. “ನಾಳೆ ನಿಮಗೆ ಹೆಂಗೂ ಕೆಲಸ ಇಲ್ಲ. ಶಿವಮೊಗ್ಗದ ಆಫೀಸಿಗೆ ಬನ್ನಿ. ನೀವೊಬ್ಬರೇ ಬಂದ್ರೆ ಸಾಕು.”